ಕಲ್ಲುಹೂವಿನ ತಾಳ್ಮೆ

ನಮ್ಮ ಮನೆಗಳ ಮಸಾಲೆಯ ಡಬ್ಬಿಯಲ್ಲಿ ಚಕ್ಕೆ, ಲವಂಗ, ಮರಾಠಿ ಮೊಗ್ಗುಗಳ ಜೊತೆಗೆ ಇನ್ನೊಂದು ವಸ್ತುವಿರುವುದುಂಟು. ಮೇಲ್ಮೈ ಬೂದು, ಒಳಮೈ ಕಪ್ಪು, ಸುಕ್ಕುಸುಕ್ಕಾದ ಒಣ ಚೂರು. ಅಂಗೈಯಲ್ಲಿಟ್ಟರೆ ತೂಕವೇ ತಿಳಿಯುವುದಿಲ್ಲ. ಮೂಸಿದರೆ ಮಳೆಯಲ್ಲಿ ನೆನೆದ ಕಾಡಿನ ವಾಸನೆ. ಅದಕ್ಕೆ ಕಲ್ಲುಹೂವು ಎಂದು ಹೆಸರು. ಅದು ಕಲ್ಲೂ ಅಲ್ಲ, ಹೂವೂ ಅಲ್ಲ. ಅಂಗಡಿಗೆ ಬರುವುದಂತೂ ಬಹುಮಟ್ಟಿಗೆ ಮರದ ತೊಗಟೆಯಿಂದ. ಆದರೂ ಹೆಸರಿಟ್ಟವರನ್ನು ತಪ್ಪೆನ್ನಲಾಗದು. ಕಲ್ಲಿನಂತೆ ತಾಳುತ್ತದೆ, ಹೂವಿನಂತೆ ಬಾಡುತ್ತದೆ ಎಂಬ ಎರಡು ಗುಣಗಳೂ ಆ ಹೆಸರಿನೊಳಗೆ ಸೇರಿಕೊಂಡಿವೆ. ವಿಜ್ಞಾನದ ಪುಸ್ತಕಗಳಲ್ಲಿ ಲೈಕೆನ್ ಎನ್ನಿಸಿಕೊಳ್ಳುವ ಈ ಜೀವಿಯ ವಿಷಯದಲ್ಲಿ ನಾವು ಮೊದಲ ಗುಣವನ್ನು ಮಾತ್ರ ಹೊಗಳುತ್ತ ಎರಡನೆಯದನ್ನು ಮರೆತಿದ್ದೇವೆಂಬುದೇ ನನ್ನ ಆಕ್ಷೇಪಣೆ.

ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಬೋಧಿಸುವ ಮಿತ್ರರೊಬ್ಬರು ಹೇಳಿದ ಒಂದು ಪ್ರಸಂಗ ಈ ಆಕ್ಷೇಪಣೆಗೆ ಕಾರಣ. ಅವರು ತರಗತಿಯಲ್ಲಿ ಕಲ್ಲುಹೂವಿನ ಸಹಿಷ್ಣುತೆಯನ್ನು ವರ್ಣಿಸುತ್ತಿದ್ದರಂತೆ: ಧ್ರುವಪ್ರದೇಶದ ಹಿಮದಲ್ಲಿ ಬಾಳುತ್ತದೆ, ಮರುಭೂಮಿಯ ಬಂಡೆಯ ಮೇಲೆ ಬಾಳುತ್ತದೆ, ಒಣಗಿದಾಗ ನೀರು ಕುದಿಯುವಷ್ಟು ಕಾವನ್ನು ಕೊಟ್ಟರೂ ಕೆಲವು ಜಾತಿಗಳು ಸಾಯುವುದಿಲ್ಲ, ೨೦೦೫ರಲ್ಲಿ ಫೋಟಾನ್ ಎಂಬ ಉಪಗ್ರಹದಲ್ಲಿ ಎರಡು ಜಾತಿಗಳನ್ನು ಅಂತರಿಕ್ಷಕ್ಕೆ ಕಳುಹಿಸಿ, ಗಾಳಿಯಿಲ್ಲದ ಆ ಶೂನ್ಯಕ್ಕೂ ಬಿಸಿಲಿಗೂ ಎರಡು ವಾರ ಒಡ್ಡಿ ಹಿಂದಕ್ಕೆ ತಂದಾಗ ಅವು ಏನೂ ಆಗದವರಂತೆ ಮತ್ತೆ ಬದುಕು ನಡೆಸಿದವು. ಇಷ್ಟು ಹೇಳಿ ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳಂತೆ. "ಸಾರ್, ಅಷ್ಟು ಗಟ್ಟಿಯಾದರೆ ನಮ್ಮೂರಿನ ಸೆಖೆ ಅದಕ್ಕೆ ಯಾವ ಲೆಕ್ಕ? ಘಟ್ಟದ ಕೆಳಗಿನ ನಮ್ಮ ತೋಟದಲ್ಲಿ ಅಡಕೆ ಮರದ ಮೈಮೇಲೆ ಬರೀ ಬಿಳಿ ಮಚ್ಚೆ ಇದೆ. ಮಡಿಕೇರಿಯಲ್ಲಿ ನಮ್ಮ ಅತ್ತೆಯ ಮನೆ ಹತ್ತಿರ ಮರದ ತುಂಬ ಎಲೆ ಎಲೆಯಾಗಿ, ಗಡ್ಡದ ಹಾಗೆ ಇಳಿಬಿದ್ದಿದೆ. ಏಕೆ ಸಾರ್?" ಮಿತ್ರರು ತಂಪು, ತೇವ, ಮಂಜು ಎಂದು ಏನೋ ಹೇಳಿ ಕೂಡಿಸಿದರಂತೆ. "ಹೇಳಿದ್ದು ಸುಳ್ಳಲ್ಲ, ಆದರೆ ಅದು ಉತ್ತರವೂ ಅಲ್ಲ" ಎಂದು ಅವರೇ ನನ್ನೊಡನೆ ಒಪ್ಪಿಕೊಂಡರು.

ಆ ಹುಡುಗಿಯ ಪ್ರಶ್ನೆ ನಮ್ಮ ಪಠ್ಯಪುಸ್ತಕಗಳ ಹೊಗಳಿಕೆಗಿಂತ ದೊಡ್ಡದೆಂದು ನನಗೆ ತೋರುತ್ತದೆ. ಅದಕ್ಕೆ ಉತ್ತರ ಬೇಕಾದರೆ ಕಲ್ಲುಹೂವು ಬಿಸಿಯನ್ನು ಹೇಗೆ ತಾಳುತ್ತದೆ, ಹಾಗೆ ತಾಳುವಾಗ ಅದರ ಒಡಲಿನ ವ್ಯವಹಾರವೇನು ಎಂಬುದನ್ನು ಮೊದಲು ನೋಡಬೇಕು.

ಕಲ್ಲುಹೂವು ಒಂದು ಜೀವಿಯಲ್ಲ, ಒಂದು ಸಂಸಾರ. ಶಿಲೀಂಧ್ರವೊಂದು ಮನೆ ಕಟ್ಟುತ್ತದೆ. ಆ ಮನೆಯೊಳಗೆ ಹಸುರು ಪಾಚಿಯ ಅಥವಾ ನೀಲಿಹಸುರು ಪಾಚಿಯ ಕಣಗಳು ವಾಸಿಸುತ್ತವೆ. ಬಿಸಿಲು ಬೆಳಕಿನಿಂದ ಅನ್ನ ಬೇಯಿಸುವ ಕೆಲಸ ಪಾಚಿಯದು. ನೆಲೆ, ನೀರು, ನೆರಳುಗಳ ಹೊಣೆ ಶಿಲೀಂಧ್ರದ್ದು. ಈ ದ್ವಂದ್ವಸ್ವರೂಪವನ್ನು ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ ೧೮೬೦ರ ದಶಕದ ಕೊನೆಯಲ್ಲಿ ಸಾರಿದಾಗ ಅಂದಿನ ದೊಡ್ಡ ದೊಡ್ಡ ಕಲ್ಲುಹೂವು ಪಂಡಿತರು ಅವರನ್ನು ಪರಿಹಾಸ ಮಾಡಿದರು. ಶ್ವೆಂಡೆನರ್ ಕೊಟ್ಟ ಉಪಮಾನವೂ ಕಠೋರವಾಗಿತ್ತು: ಶಿಲೀಂಧ್ರ ಯಜಮಾನ, ಪಾಚಿಗಳು ಅವನ ಸೆರೆಯಾಳುಗಳು. ಆ ಉಪಮಾನಕ್ಕೆ ಮುಂದೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ.

ಈ ಸಂಸಾರದ ವಿಶೇಷವೆಂದರೆ ಅದಕ್ಕೆ ಬೇರಿಲ್ಲ. ನೀರನ್ನು ಹಿಡಿದಿಟ್ಟುಕೊಳ್ಳಬಲ್ಲ ಎಲೆಯ ರಂಧ್ರಗಳ ವ್ಯವಸ್ಥೆಯಿಲ್ಲ. ಮಳೆ ಬಂದರೆ ಒದ್ದೆ, ಬಿಸಿಲು ಬಂದರೆ ಒಣಗು. ಒಣಗಿದಾಗ ಅದರ ಮೈಯಲ್ಲಿ ಉಳಿಯುವ ನೀರು ಒಣತೂಕದ ಶೇಕಡಾ ಹತ್ತಕ್ಕಿಂತ ಕಡಿಮೆ. ಬೇರೆ ಬಹುಪಾಲು ಗಿಡಗಳಿಗೆ ಅದು ಮರಣವೇ ಸರಿ. ಕಲ್ಲುಹೂವಿಗೆ ಅದು ನಿದ್ರೆ.

೧೯೫೩ರಲ್ಲಿ ಓಟೊ ಲುಡ್ವಿಗ್ ಲಾಂಗೆ ಎಂಬ ಜರ್ಮನಿಯ ತರುಣ ವಿಜ್ಞಾನಿ ಈ ನಿದ್ರೆಯನ್ನು ಪರೀಕ್ಷೆಗೆ ಒಡ್ಡಿದರು. ಹಲವು ಜಾತಿಯ ಕಲ್ಲುಹೂವುಗಳನ್ನು ಒಣ ಸ್ಥಿತಿಯಲ್ಲಿಯೂ ಒದ್ದೆ ಸ್ಥಿತಿಯಲ್ಲಿಯೂ ಅರ್ಧ ಗಂಟೆ ಕಾಯಿಸಿ, ಆಮೇಲೆ ಅವು ಉಸಿರಾಡುವುವೇ ಎಂದು ಅಳೆದರು. ಒಣಗಿದವು ಜಾತಿಗೆ ತಕ್ಕಂತೆ ಎಪ್ಪತ್ತರಿಂದ ನೂರು ಡಿಗ್ರಿ ಸೆಂಟಿಗ್ರೇಡಿನವರೆಗೆ ತಾಳಿದವು. ಅವೇ ಜಾತಿಗಳು ಒದ್ದೆಯಾಗಿದ್ದಾಗ ಮೂವತ್ತೈದರಿಂದ ನಲವತ್ತಾರು ಡಿಗ್ರಿಗಳೊಳಗೇ ಕೆಟ್ಟವು. ಈ ಎರಡು ಸಂಖ್ಯೆಗಳನ್ನು ಓದುಗರು ದಯವಿಟ್ಟು ಜೊತೆಗಿಟ್ಟು ನೋಡಬೇಕು. ನಮ್ಮ ಪುಸ್ತಕಗಳು ಮೊದಲನೆಯದನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ಎರಡನೆಯದನ್ನು ಬಿಟ್ಟರೆ ಕಲ್ಲುಹೂವು ವೀರ. ಸೇರಿಸಿದರೆ ಅದು ವೀರನಲ್ಲ, ಯುದ್ಧದ ದಿನ ಮನೆಯ ಬಾಗಿಲು ಹಾಕಿಕೊಂಡು ಮಲಗುವ ವಿವೇಕಿ.

ಆ ನಿದ್ರೆಯಾದರೂ ಸುಮ್ಮನೆ ಬರುವುದಲ್ಲ. ಅದಕ್ಕೆ ಸಿದ್ಧತೆ ಬೇಕು. ಹಸುರು ಪಾಚಿಯು ತಾನು ತಯಾರಿಸಿದ ಆಹಾರವನ್ನು ಶಿಲೀಂಧ್ರಕ್ಕೆ ಕೊಡುವುದು ನಾವು ಬಲ್ಲ ಸಕ್ಕರೆಯ ರೂಪದಲ್ಲಿ ಅಲ್ಲ. ಟ್ರೆಬೂಕ್ಸಿಯ ಎಂಬ ಹಸುರು ಪಾಚಿಯಿರುವ ಕಲ್ಲುಹೂವುಗಳಲ್ಲಿ ಅದು ರಿಬಿಟಾಲ್ ಎಂಬ ಸಿಹಿ ಮದ್ಯಸಾರದ ರೂಪದಲ್ಲಿ ಹೊರಟು, ಶಿಲೀಂಧ್ರದೊಳಗೆ ಮ್ಯಾನಿಟಾಲ್ ಆಗಿ ಮಾರ್ಪಡುತ್ತದೆ. ಇದನ್ನು ಆಕ್ಸ್‌ಫರ್ಡಿನ ಡೇವಿಡ್ ಸ್ಮಿತ್ ಮತ್ತು ಅವರ ಸಂಗಡಿಗರು ೧೯೬೦ರ ದಶಕದಲ್ಲಿ ತೋರಿಸಿಕೊಟ್ಟರು. ಈ ವಸ್ತುಗಳು ಆಹಾರವೂ ಹೌದು, ರಕ್ಷಾಕವಚವೂ ಹೌದು. ನೀರು ಹೊರಟುಹೋದಂತೆ ಪ್ರೋಟೀನುಗಳೂ ಜೀವಕೋಶದ ಪೊರೆಗಳೂ ಆಕಾರ ಕೆಡದಂತೆ ಇವು ನೀರಿನ ಜಾಗದಲ್ಲಿ ನಿಂತು ಕಾಯುತ್ತವೆ. ಕೊನೆಗೆ ಜೀವರಸವೆಲ್ಲ ಗಾಜಿನಂತೆ ಗಟ್ಟಿಯಾಗುತ್ತದೆ. ಬೆಲ್ಲದ ಪಾಕ ಆರಿ ಬಿಗಿಯುವುದನ್ನು ನೋಡಿದವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಗಾಜಿನೊಳಗೆ ಯಾವ ಅಣುವೂ ಸುಲಭವಾಗಿ ಓಡಾಡಲಾರದು. ಓಡಾಟವಿಲ್ಲದೆಡೆ ರಾಸಾಯನಿಕ ಕ್ರಿಯೆಯಿಲ್ಲ. ಕ್ರಿಯೆಯಿಲ್ಲದೆಡೆ ಬಿಸಿಲು ಕೆಡಿಸುವುದಕ್ಕೂ ಹೆಚ್ಚೇನು ಇಲ್ಲ. ಒಣಗಿದ ಕಲ್ಲುಹೂವು ಕಾವನ್ನು ಗೆದ್ದಿಲ್ಲ. ಕಾವು ಹಿಡಿದು ಅಲುಗಿಸಬಹುದಾದ ವ್ಯಾಪಾರವನ್ನೇ ನಿಲ್ಲಿಸಿದೆ.

ಆದರೆ ಬೆಳಕಿನ ಕಾಟ ಉಳಿಯುತ್ತದೆ. ಪತ್ರಹರಿತ್ತು ಒಣಗಿದ ಮೇಲೂ ಬೆಳಕನ್ನು ಹೀರುತ್ತಲೇ ಇರುತ್ತದೆ. ಆ ಶಕ್ತಿಗೆ ಹೋಗಲು ದಾರಿಯಿಲ್ಲದಿದ್ದರೆ ಆಮ್ಲಜನಕದ ಉಗ್ರರೂಪಗಳು ಹುಟ್ಟಿ ಮನೆಯನ್ನೇ ಸುಡುತ್ತವೆ. ಇಲ್ಲಿ ಸಂಸಾರದ ಮಹತ್ವ ಕಾಣುತ್ತದೆ. ೨೦೦೫ರಲ್ಲಿ ಇಲ್ಸೆ ಕ್ರಾನರ್ ಮತ್ತು ಸಂಗಡಿಗರು ಕ್ಲಾಡೋನಿಯ ಕುಲದ ಒಂದು ಕಲ್ಲುಹೂವಿನ ಶಿಲೀಂಧ್ರವನ್ನೂ ಪಾಚಿಯನ್ನೂ ಬೇರೆಬೇರೆ ಬೆಳೆಸಿ ಒಣಗಿಸಿ ನೋಡಿದರು. ಒಂಟಿಯಾಗಿದ್ದಾಗ ಎರಡೂ ಈ ಸುಡುವಿಕೆಯಿಂದ ಘಾಸಿಗೊಂಡವು. ಕೂಡಿದ್ದಾಗ ಪ್ರತಿಯೊಂದರ ರಕ್ಷಣಾಕ್ರಮವೂ ಇನ್ನೊಂದರ ಸನ್ನಿಧಿಯಿಂದ ಚುರುಕಾಯಿತು: ಗ್ಲೂಟಾಥಯೋನ್ ಮುಂತಾದ ರಕ್ಷಕ ವಸ್ತುಗಳು ಬಲಗೊಂಡವು, ಪಾಚಿಯು ಹೆಚ್ಚಾದ ಬೆಳಕಿನ ಶಕ್ತಿಯನ್ನು ನಿರುಪಾಯಕರವಾದ ಶಾಖವಾಗಿ ಹೊರಗೆ ಬಿಡುವುದನ್ನು ಹೆಚ್ಚು ಸಮರ್ಥವಾಗಿ ನಡೆಸಿತು. ಶ್ವೆಂಡೆನರರ ಯಜಮಾನನೂ ಸೆರೆಯಾಳೂ ಇಲ್ಲಿ ಕಾಣುವುದಿಲ್ಲ. ಒಬ್ಬರಿಲ್ಲದಿದ್ದರೆ ಇನ್ನೊಬ್ಬರಿಗೆ ಬಿಸಿಲೇ ಮೃತ್ಯುವಾಗುವ ಇಬ್ಬರು ಕಾಣುತ್ತಾರೆ.

ಇಷ್ಟರಿಂದ ನಿದ್ರೆಯ ಮಾತು ಮುಗಿಯಿತು. ಆದರೆ ಯಾವ ಪ್ರಾಣಿಯೂ ನಿದ್ರೆಯಿಂದ ಹೊಟ್ಟೆ ಹೊರೆಯುವುದಿಲ್ಲ. ಕಲ್ಲುಹೂವಿಗೂ ಎಚ್ಚರವಿರುವ ಗಳಿಗೆಗಳುಂಟು. ಅದರ ಗಳಿಕೆ, ಬೆಳವಣಿಗೆ, ಸಂತಾನ ಎಲ್ಲವೂ ಆ ಗಳಿಗೆಗಳಲ್ಲೇ. ಅದನ್ನು ನೋಡಲು ಲಾಂಗೆಯವರನ್ನೇ ಹಿಂಬಾಲಿಸಿ ಇಸ್ರೇಲಿನ ನೆಗೇವ್ ಮರುಭೂಮಿಗೆ ಹೋಗಬೇಕು.

ಅಲ್ಲಿ ಅವ್ದಾತ್ ಎಂಬಲ್ಲಿ ಮೈಕೇಲ್ ಎವೆನಾರಿ ಎಂಬ ಸಸ್ಯವಿಜ್ಞಾನಿ, ಪ್ರಾಚೀನರು ಮಳೆನೀರನ್ನು ಕೂಡಿಟ್ಟು ಬೇಸಾಯ ಮಾಡುತ್ತಿದ್ದ ಹೊಲವೊಂದನ್ನು ಮತ್ತೆ ಎತ್ತಿ ನಿಲ್ಲಿಸಿದ್ದರು. ಎವೆನಾರಿ ಜರ್ಮನಿಯ ವಿಶ್ವವಿದ್ಯಾಲಯದಲ್ಲಿದ್ದವರು. ಯೆಹೂದ್ಯರೆಂಬ ಕಾರಣಕ್ಕೆ ೧೯೩೩ರಲ್ಲಿ ಕೆಲಸ ಕಳೆದುಕೊಂಡು ದೇಶ ಬಿಟ್ಟವರು. ೧೯೬೦ರ ದಶಕದಲ್ಲಿ ಜರ್ಮನಿಯಿಂದ ಲಾಂಗೆ ಮತ್ತು ಸಂಗಡಿಗರು ಉಪಕರಣಗಳೊಡನೆ ಬಂದಾಗ ಅವರೊಡನೆ ಕೂಡಿ ಕೆಲಸ ಮಾಡಿದವರು ಈ ಎವೆನಾರಿ. ಕಲ್ಲುಹೂವಿನ ಸಹಜೀವನವನ್ನು ಅಳೆಯಹೊರಟವರ ನಡುವೆಯೇ ಇಂಥದೊಂದು ಸಹಜೀವನ ಸಾಧ್ಯವಾದದ್ದು ನೆನೆಯತಕ್ಕ ಮಾತು.

ಅಲ್ಲಿ ವರ್ಷದ ಮಳೆ ನೂರು ಮಿಲಿಮೀಟರಿಗೂ ಕಡಿಮೆ. ಆದರೂ ಬಂಡೆಗಳ ಮೇಲೆ ರಾಮಲೀನ ಎಂಬ ಕುಲದ ಕಲ್ಲುಹೂವು ಪೊದೆಯಾಗಿ ಬೆಳೆದಿರುತ್ತದೆ. ಅದರ ಬದುಕಿನ ಗುಟ್ಟು ಇಬ್ಬನಿ. ರಾತ್ರಿ ಇಬ್ಬನಿ ಬಿದ್ದಂತೆ ಅದು ನೀರನ್ನು ಹೀರಿ ಎಚ್ಚರಗೊಳ್ಳುತ್ತದೆ. ಕತ್ತಲಿರುವವರೆಗೆ ಗಳಿಕೆಯಿಲ್ಲ, ಉಸಿರಾಟದ ಖರ್ಚು ಮಾತ್ರ. ಸೂರ್ಯ ಹುಟ್ಟುತ್ತಲೂ ಗಳಿಕೆ ಆರಂಭ. ಬೆಳಕು ಏರುತ್ತದೆ, ಗಳಿಕೆ ಏರುತ್ತದೆ; ಆದರೆ ಅದೇ ಸೂರ್ಯ ಇಬ್ಬನಿಯನ್ನೂ ಒಣಗಿಸುತ್ತಿರುತ್ತಾನೆ. ಕೆಲವು ಗಂಟೆಗಳೊಳಗೆ ಅಂಗಡಿ ಮುಚ್ಚುತ್ತದೆ. ಉಳಿದ ಹಗಲೆಲ್ಲ ಗಾಜಿನ ನಿದ್ರೆ. ಮರುಭೂಮಿಯ ಮಧ್ಯಾಹ್ನದ ಉರಿಯನ್ನು ಅದು ಎಂದೂ ಎಚ್ಚರದಿಂದ ಕಂಡದ್ದೇ ಇಲ್ಲವೆಂದರೂ ಸಲ್ಲುತ್ತದೆ. ಮುಂಜಾವಿನ ಆ ಸಣ್ಣ ಅವಧಿಯಲ್ಲಿ ಸಂಪಾದಿಸಿದ್ದರಿಂದ ರಾತ್ರಿಯ ಖರ್ಚನ್ನು ಕಳೆದು ಉಳಿದದ್ದೇ ಅದರ ಬೆಳವಣಿಗೆ. ಕಲ್ಲುಹೂವುಗಳು ವರ್ಷಕ್ಕೆ ಕೆಲವೇ ಮಿಲಿಮೀಟರು, ಎಷ್ಟೋ ಜಾತಿಗಳು ಒಂದು ಮಿಲಿಮೀಟರಿಗೂ ಕಡಿಮೆ ಬೆಳೆಯುವುದೇಕೆಂದು ಇದರಿಂದ ಅರ್ಥವಾದೀತು.

ಈಗ ಕಾವು ಏರಿದರೆ ಈ ಜಮಾಖರ್ಚಿಗೆ ಏನಾಗುತ್ತದೆ? ಒಡಲಿನ ಕ್ರಿಯೆಗಳೆಲ್ಲ ಕಾವಿನೊಡನೆ ಒಂದೇ ಪ್ರಮಾಣದಲ್ಲಿ ಏರುವುದಿಲ್ಲವೆಂಬುದೇ ಇಲ್ಲಿನ ತೊಡಕು. ಉಸಿರಾಟವು ಸ್ಥೂಲವಾಗಿ ಪ್ರತಿ ಹತ್ತು ಡಿಗ್ರಿಗೆ ಇಮ್ಮಡಿಯಾಗುತ್ತ ಹೋಗುತ್ತದೆ. ದ್ಯುತಿಸಂಶ್ಲೇಷಣೆ ಹಾಗಲ್ಲ, ಒಂದು ಮಟ್ಟದವರೆಗೆ ಏರಿ, ಅಲ್ಲಿ ನಿಂತು, ಅನಂತರ ಇಳಿಯುತ್ತದೆ. ಒದ್ದೆ ಸ್ಥಿತಿಯಲ್ಲಿ ಕಾವು ಇನ್ನೂ ಹೆಚ್ಚಿದರೆ ಬೆಳಕನ್ನು ಹಿಡಿಯುವ ಯಂತ್ರವೇ ಮೊದಲು ಕುಂದುತ್ತದೆ, ಪೊರೆಗಳು ಸೋರುತ್ತವೆ. ಕೂಡಿಟ್ಟ ರಿಬಿಟಾಲ್, ಮ್ಯಾನಿಟಾಲುಗಳು ಹೊರಗೆ ಹರಿಯುತ್ತವೆ. ಉಸಿರಾಟ ಮಾತ್ರ ಆಗಲೂ ನಡೆದೇ ಇರುತ್ತದೆ. ಕೆಟ್ಟ ಪ್ರೋಟೀನುಗಳನ್ನು ನೆಟ್ಟಗೆ ಮಾಡುವ ಸಹಾಯಕ ಪ್ರೋಟೀನುಗಳನ್ನು ಜೀವಕೋಶ ತಯಾರಿಸುತ್ತದೆ, ನಿಜ. ಆದರೆ ದುರಸ್ತಿಗೂ ಖರ್ಚಿದೆ, ಆ ಖರ್ಚೂ ಅದೇ ಗಂಟಿನಿಂದಲೇ ಆಗಬೇಕು.

ಒಂದು ಮನೆಯ ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ತಿಂಗಳಿಗೆ ನೂರು ರೂಪಾಯಿ ವರಮಾನ, ತೊಂಬತ್ತು ಖರ್ಚು, ಹತ್ತು ಉಳಿತಾಯ. ಹತ್ತು ಡಿಗ್ರಿಗೆ ಖರ್ಚು ಇಮ್ಮಡಿಯಾಗುವುದಾದರೆ ಎರಡೇ ಡಿಗ್ರಿಗೆ ಅದು ಸುಮಾರು ಶೇಕಡಾ ೧೫ರಷ್ಟು ಹೆಚ್ಚುತ್ತದೆ. ವರಮಾನ ಮೊದಲಿನಷ್ಟೇ ಇದ್ದರೆ ತೊಂಬತ್ತು ಇದ್ದದ್ದು ನೂರಮೂರುವರೆಯಾಯಿತು. ಹತ್ತು ರೂಪಾಯಿ ಉಳಿಸುತ್ತಿದ್ದ ಸಂಸಾರ ಮೂರೂವರೆ ರೂಪಾಯಿ ಸಾಲಕ್ಕೆ ಬಿತ್ತು. ಮನೆಗೆ ಬೆಂಕಿ ಬೀಳಲಿಲ್ಲ, ಕಳ್ಳ ಬರಲಿಲ್ಲ. ಬೆಲೆ ಸ್ವಲ್ಪ ಏರಿತು, ಅಷ್ಟೆ. ಇದು ವಿವರಣೆಗಾಗಿ ಹೇಳಿದ ಲೆಕ್ಕ; ಜಾತಿಜಾತಿಗೆ, ಊರೂರಿಗೆ ಅಂಕಿಗಳು ಬೇರೆ. ಲೆಕ್ಕದ ರೀತಿ ಮಾತ್ರ ಇದೇ.

ಇನ್ನೊಂದು ಗುಪ್ತ ಖರ್ಚುಂಟು. ಒಣಗಿದ ಕಲ್ಲುಹೂವಿನ ಮೇಲೆ ನೀರು ಬಿದ್ದೊಡನೆ ಉಸಿರಾಟ ಒಮ್ಮೆಗೇ ಭುಗಿಲೆದ್ದು, ಸ್ವಲ್ಪ ಹೊತ್ತಿನ ಮೇಲೆ ಸಮಸ್ಥಿತಿಗೆ ಬರುತ್ತದೆ. ಎಚ್ಚರವಾಗುವುದಕ್ಕೆ ತೆರಬೇಕಾದ ಬಾಗಿಲು ಸುಂಕ ಅದು. ಎದ್ದಮೇಲೆ ಸಾಕಷ್ಟು ಹೊತ್ತು ತೇವ ಉಳಿದರೆ ಆ ಸುಂಕ ತೀರಿ ಲಾಭವಾಗುತ್ತದೆ. ಬಿಸಿ ಹೆಚ್ಚಿದ ದಿನ ಹನಿಮಳೆ ಬಿದ್ದು ಗಳಿಗೆಯಲ್ಲಿ ಆರಿಹೋದರೆ ಸುಂಕ ತೆತ್ತದ್ದೇ ಬಂತು, ಸಂತೆ ಸಿಗಲಿಲ್ಲ.

ಈಗ ಆ ಹುಡುಗಿಯ ಅಡಕೆ ತೋಟಕ್ಕೆ ಬರಬಹುದು. ಅಲ್ಲಿನಂಥದೇ ತಗ್ಗಿನ, ಸೆಖೆಯ, ಮಳೆಯ ನಾಡು ಮಧ್ಯ ಅಮೆರಿಕದ ಪನಾಮ. ಅಲ್ಲಿಯೂ ತಗ್ಗಿನ ಕಾಡಿನಲ್ಲಿ ತೊಗಟೆಗೆ ಸುಣ್ಣ ಬಳಿದಂತೆ ಅಂಟಿಕೊಂಡ ಜಾತಿಗಳು ಹೇರಳ, ಎಲೆಯಂತೆ ಅಗಲವಾಗಿ ಬೆಳೆಯುವ ಜಾತಿಗಳು ವಿರಳ. ಬೆಟ್ಟ ಏರಿದಂತೆ ಎಲೆಯ ಜಾತಿಗಳು ಹೆಚ್ಚುತ್ತವೆ. ಜರ್ಮನಿಯ ಗೆರ್ಹಾರ್ಡ್ ಝೋಟ್ಸ್ ಮತ್ತು ಸಂಗಡಿಗರು ಅಲ್ಲಿ ಅಳತೆ ಮಾಡಿ ೨೦೦೩ರಲ್ಲಿ ಪ್ರಕಟಿಸಿದ್ದು ಪಾರ್ಮೊಟ್ರೀಮ ಕುಲದ ಒಂದು ಜಾತಿಯನ್ನು ಕುರಿತು. ನಮ್ಮ ಮಸಾಲೆಯ ಡಬ್ಬಿಯ ಕಲ್ಲುಹೂವೂ ಅದೇ ಕುಲದ್ದೆಂಬುದನ್ನು ಗಮನಿಸಬೇಕು. ಅವರು ಕಂಡದ್ದಿಷ್ಟು: ಅಲ್ಲಿ ರಾತ್ರಿ ಬೆಚ್ಚಗೆ, ಗಾಳಿ ತೇವ, ಕಲ್ಲುಹೂವು ಇರುಳೆಲ್ಲ ಒದ್ದೆಯಾಗಿ, ಎಚ್ಚರವಾಗಿ, ಏದುಸಿರು ಬಿಡುತ್ತಲೇ ಇರುತ್ತದೆ. ಹಗಲಿನ ಗಳಿಕೆಯ ದೊಡ್ಡ ಪಾಲನ್ನು ಆ ಉಸಿರಾಟವೇ ತಿಂದುಹಾಕುತ್ತದೆ. ಬೆಟ್ಟದ ರಾತ್ರಿಯಾದರೋ ತಣ್ಣಗಿರುವುದರಿಂದ ಖರ್ಚು ಕಡಿಮೆ. ಬೆಳಗಿನ ಮಂಜಿನಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುವುದರಿಂದ ಗಳಿಕೆ ಹೆಚ್ಚು. ಅಡಕೆ ಮರದ ಬಿಳಿ ಮಚ್ಚೆಗೂ ಮಡಿಕೇರಿಯ ಗಡ್ಡಕ್ಕೂ ಇರುವ ಅಂತರದಲ್ಲಿ ತೊಗಟೆಯ ಗುಣ, ಬೆಳಕು, ಗಾಳಿಯ ಶುದ್ಧಿ ಇವೂ ಸೇರಿರುತ್ತವೆ. ಆದರೆ "ನೂರು ಡಿಗ್ರಿ ತಾಳುವ ಜೀವಿಗೆ ನಮ್ಮೂರ ಸೆಖೆ ಯಾವ ಲೆಕ್ಕ" ಎಂಬುದಕ್ಕೆ ನೇರವಾದ ಉತ್ತರ ಇದೇ: ಕಲ್ಲುಹೂವನ್ನು ಸೋಲಿಸುವುದು ಬಿಸಿಲಿನ ಹಗಲಲ್ಲ, ಬೆಚ್ಚನೆಯ ಒದ್ದೆ ರಾತ್ರಿ.

ಇದು ಗೊತ್ತಾದ ಮೇಲೆ ಇಂದಿನ ಹವೆಯ ಸುದ್ದಿಯನ್ನು ನಾವು ಬೇರೆ ರೀತಿಯಲ್ಲಿ ಓದಬೇಕಾಗುತ್ತದೆ. ಪತ್ರಿಕೆಗಳು ಪ್ರಕಟಿಸುವುದು ಬೇಸಗೆಯ ಗರಿಷ್ಠ ಉಷ್ಣತೆಯನ್ನು. ನಾವು ಬೆವರೊರಸಿಕೊಂಡು ಮಾತನಾಡುವುದೂ ಅದನ್ನೇ. ಆದರೆ ಕಳೆದ ಶತಮಾನದ ಉತ್ತರಾರ್ಧದ ದಾಖಲೆಗಳನ್ನು ನೋಡಿದರೆ ಭೂಮಿಯ ಬಹುಭಾಗದಲ್ಲಿ ಹಗಲಿನ ಗರಿಷ್ಠಕ್ಕಿಂತ ರಾತ್ರಿಯ ಕನಿಷ್ಠವೇ ಹೆಚ್ಚು ವೇಗವಾಗಿ ಏರಿದೆ. ಕಲ್ಲುಹೂವಿನ ಖರ್ಚಿನ ಪುಸ್ತಕ ತೆರೆದಿರುವುದು ಆ ಹೊತ್ತಿನಲ್ಲೇ.

ಫಲ ಕಾಣಿಸಿಕೊಳ್ಳತೊಡಗಿದೆ. ಅಮೆರಿಕದ ಯೂಟಾ ಸಂಸ್ಥಾನದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಮರಳು ನೆಲದ ಮೇಲೆ ಕಲ್ಲುಹೂವು, ಹಾವಸೆ, ಪಾಚಿಗಳು ಕೂಡಿ ಒಂದು ಜೀವಂತ ಹೊದಿಕೆಯಾಗಿವೆ. ಮಣ್ಣು ಗಾಳಿಗೆ ಹಾರದಂತೆ ಹಿಡಿಯುವುದು ಅದೇ. ಅದರಲ್ಲಿನ ಕೆಲವು ಕಲ್ಲುಹೂವುಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಗೊಬ್ಬರವಾಗಿ ಕೊಡುತ್ತವೆ. ೧೯೬೭ರಿಂದ ಅರ್ಧ ಶತಮಾನಕ್ಕೂ ಮೀರಿದ ದಾಖಲೆಗಳನ್ನು ಕೂಡಿಸಿ ೨೦೨೨ರಲ್ಲಿ ಪ್ರಕಟವಾದ ಅಧ್ಯಯನ, ೧೯೯೬ರ ಅನಂತರ ಅಲ್ಲಿನ ಕಲ್ಲುಹೂವುಗಳ ಜಾತಿಗಳೂ ವಿಸ್ತಾರವೂ ತೀವ್ರವಾಗಿ ಕುಗ್ಗಿದುವೆಂದೂ ಆ ಕುಗ್ಗುವಿಕೆ ಬೇಸಗೆಯ ಉಷ್ಣತೆಯ ಏರಿಕೆಯೊಡನೆ ಹೊಂದಿಬರುತ್ತದೆಯೆಂದೂ ಹೇಳಿತು. ದನಕರುಗಳ ತುಳಿತವಿಲ್ಲದ, ಮನುಷ್ಯರ ಕಾಟ ಕಡಮೆಯಾದ ಜಾಗವದು. ಮರುಭೂಮಿಯ ಜೀವಿಯೇ, ಮರುಭೂಮಿಯಲ್ಲೇ, ಕಾವಿನಿಂದ ಹಿಂಜರಿಯುತ್ತಿದೆ.

ಪ್ರತಿವಾದವಿಲ್ಲವೆಂದಲ್ಲ. ಜೀವಿಗಳು ಹೊಂದಿಕೊಳ್ಳಲಾರವೇ ಎಂದು ಕೇಳುವವರಿಗೆ ಲಾಂಗೆಯವರ ಕೆಲಸದಲ್ಲೇ ಆಧಾರವುಂಟು. ತಮ್ಮ ಇಳಿವಯಸ್ಸಿನಲ್ಲಿ, ೨೦೦೫ರಲ್ಲಿ, ಅವರು ಅಲನ್ ಗ್ರೀನ್ ಅವರೊಡನೆ ಪ್ರಕಟಿಸಿದ ಲೇಖನವೊಂದು, ಜರ್ಮನಿಯ ಹುಲ್ಲುನೆಲದ ಕಲ್ಲುಹೂವುಗಳು ಋತುವಿಗೆ ತಕ್ಕಂತೆ ಉಸಿರಾಟವನ್ನು ಬಿಗಿಹಿಡಿಯಬಲ್ಲವೆಂದು ತೋರಿಸಿತು. ಒಂದೇ ಉಷ್ಣತೆಯಲ್ಲಿ ಅಳೆದಾಗ ಚಳಿಗಾಲಕ್ಕಿಂತ ಬೇಸಗೆಯಲ್ಲಿ ಅವುಗಳ ಉಸಿರಾಟ ಕಡಿಮೆ. ಬೆಲೆ ಏರಿದಾಗ ಖರ್ಚನ್ನು ಹಿಡಿತಕ್ಕೆ ತರುವ ಗೃಹಿಣಿಯ ಜಾಣ್ಮೆ ಈ ಶಿಲೀಂಧ್ರಕ್ಕೂ ಇದೆ. ಇದು ಸಮಾಧಾನದ ಮಾತು. ನನ್ನ ವಾದಕ್ಕೆ ಪ್ರತಿಕೂಲವಾದರೂ ಮರೆಮಾಚತಕ್ಕದ್ದಲ್ಲ. ಆದರೆ ವರ್ಷವರ್ಷವೂ ಬಂದು ಹೋಗುವ ಬೇಸಗೆಗೆ ಹೊಂದಿಕೊಳ್ಳುವುದು ಬೇರೆ, ಬಂದು ಹೋಗದೆ ನಿಲ್ಲುವ ಬೇಸಗೆಗೆ ಹೊಂದಿಕೊಳ್ಳುವುದು ಬೇರೆ. ಬಿಗಿಹಿಡಿಯುವುದಕ್ಕೂ ಒಂದು ಮಿತಿಯುಂಟು. ಸಂಸಾರದಲ್ಲಿ ಇನ್ನೊಬ್ಬ ಸದಸ್ಯನಿದ್ದಾನೆ, ಪಾಚಿ. ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದ ಮ್ಯಾಥ್ಯೂ ನೆಲ್ಸನ್ ಮತ್ತು ಸಂಗಡಿಗರು ಟ್ರೆಬೂಕ್ಸಿಯ ಪಾಚಿಯ ವಂಶಚರಿತ್ರೆಯನ್ನು ಪರಿಶೀಲಿಸಿ ೨೦೨೨ರಲ್ಲಿ ಹೇಳಿದ್ದೇನೆಂದರೆ, ಅದರ ಬೇರೆಬೇರೆ ವಂಶಗಳು ತಮಗೆ ಒಗ್ಗುವ ಹವೆಯನ್ನು ಬದಲಿಸಿಕೊಂಡದ್ದು ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ. ಇಂದಿನ ಹವೆ ಬದಲಾಗುತ್ತಿರುವುದು ದಶಕಗಳ ಲೆಕ್ಕದಲ್ಲಿ. ಮನೆಯೊಡೆಯ ಮಿತವ್ಯಯಿಯಾದರೇನು, ದುಡಿಯುವವನ ಕೈ ಸೋತರೆ?

ಇದರಿಂದ ಯಾರಿಗೆ ಏನು ನಷ್ಟವೆಂದು ಕೇಳಬಹುದು. ಮಸಾಲೆಗೆ ಒಂದು ಪರಿಮಳ ಕಡಿಮೆಯಾದೀತು, ಅಷ್ಟೇ ಅಲ್ಲವೆ? ಅಷ್ಟೇ ಅಲ್ಲ. ಉತ್ತರದ ಹಿಮಸಾರಂಗಕ್ಕೆ ಚಳಿಗಾಲದ ಮೇವು ಕಲ್ಲುಹೂವು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಗಳ ಜೊತೆಗೆ ಕಾಡಿನಿಂದ ಆಯ್ದು ತಂದು ನಾಲ್ಕು ಕಾಸು ಕಂಡದ್ದು ಇದರಿಂದಲೂ ಹೌದು. ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುವುದನ್ನು ಆಯುವಾಗ ಎಷ್ಟು ಬಿಡಬೇಕು ಎಂಬುದು ಬುಟ್ಟಿ ಹಿಡಿದವನಿಗಿಂತ ಕೊಳ್ಳುವ ಪೇಟೆ ಯೋಚಿಸಬೇಕಾದ ಪ್ರಶ್ನೆ. ಅದರ ಉಳಿತಾಯವೇ ಕರಗುತ್ತಿರುವ ಕಾಲದಲ್ಲಿ ಹಳೆಯ ಲೆಕ್ಕದಂತೆ ಕೀಳುತ್ತ ಹೋಗುವುದು ನ್ಯಾಯವಲ್ಲ.

ನಷ್ಟ ಇನ್ನೊಂದುಂಟು, ಅದು ನಮ್ಮ ವಿಚಾರದ ರೀತಿಗೆ ಸಂಬಂಧಿಸಿದ್ದು. ತಾಳ್ಮೆಯನ್ನು ನಾವು ಯಾವಾಗಲೂ ಅತ್ಯಂತ ಕಷ್ಟದ ಗಳಿಗೆಯಿಂದ ಅಳೆಯುತ್ತೇವೆ. ಬರಗಾಲವನ್ನು ಕಂಡು ಉಳಿದ ರೈತ ಏನನ್ನಾದರೂ ತಾಳುವನೆಂದುಕೊಳ್ಳುತ್ತೇವೆ. ಗೊಬ್ಬರದ ಬೆಲೆ, ಬಡ್ಡಿಯ ದರ ನಾಲ್ಕಾಣೆ ಏರಿದ್ದು ಅವನನ್ನು ಮುರಿದಾಗ ಆಶ್ಚರ್ಯಪಡುತ್ತೇವೆ. ಬರದಲ್ಲಿ ಅವನು ಉಳಿದದ್ದು ಎಲ್ಲವನ್ನೂ ನಿಲ್ಲಿಸಿ, ಹೊಟ್ಟೆಯನ್ನೂ ಆಸೆಯನ್ನೂ ಒಣಗಿಸಿಕೊಂಡು. ಒಕ್ಕಲುತನ ನಡೆಯುವುದು ಒಳ್ಳೆಯ ದಿನಗಳ ಸಣ್ಣ ಉಳಿತಾಯದಿಂದ. ಆ ಉಳಿತಾಯವನ್ನು ಕಸಿದರೆ ಬರ ಬೇಕಾಗಿಲ್ಲ. ಕಲ್ಲುಹೂವಿನ ವಿಷಯದಲ್ಲಿ ನಮ್ಮ ಪುಸ್ತಕಗಳು ಮಾಡಿರುವುದೂ ಇದೇ ತಪ್ಪನ್ನು. ನೂರು ಡಿಗ್ರಿ ತಾಳಿತೆಂಬ ವಾಕ್ಯ ಸುಳ್ಳಲ್ಲ. ಆದರೆ ಅದನ್ನು ಒಂಟಿಯಾಗಿ ಕಲಿತ ವಿದ್ಯಾರ್ಥಿ ಎರಡು ಡಿಗ್ರಿಯ ಏರಿಕೆಯನ್ನು ಕೇಳಿದಾಗ ನಗುತ್ತಾನೆ; ಆ ನಗುವಿಗೆ ನಾವೇ ಹೊಣೆ.

ಆದ್ದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ವಿಜ್ಞಾಪನೆ ಸಣ್ಣದು. ಮುಂದಿನ ಸಲ ಈ ಪಾಠ ಬಂದಾಗ ತರಗತಿಗೆ ಕಲ್ಲುಹೂವಿನ ಎರಡು ಚೂರು ಒಯ್ಯಿರಿ; ಒಂದು ಒಣಗಿದ್ದು, ಒಂದು ನೀರು ಚಿಮುಕಿಸಿದ್ದು. ಅಂಗಡಿಯ ಹಳೆಯ ಸರಕು ಬೇಡ, ಮರದಿಂದ ಬಿದ್ದ ಕೊಂಬೆಯ ಮೇಲಿನದಾಗಲಿ. ಒಣ ಚೂರು ಬೂದಾಗಿಯೇ ಇರುತ್ತದೆ. ಒದ್ದೆಯಾದದ್ದು ನೋಡುನೋಡುತ್ತಿದ್ದಂತೆ ಹಸುರಿಗೆ ತಿರುಗುತ್ತದೆ. ಮೊದಲನೆಯದನ್ನು ತೋರಿಸಿ, ಇದು ಬೆಂಕಿಯಂಥ ಬಿಸಿಲನ್ನು ತಾಳುತ್ತದೆಯೆಂದು ಹೇಳಿರಿ. ಎರಡನೆಯದನ್ನು ತೋರಿಸಿ, ಬದುಕುವುದು ಮಾತ್ರ ಇದು, ಇದಕ್ಕೆ ಬೆಚ್ಚನೆಯ ರಾತ್ರಿಯೂ ಭಾರವೆಂದು ಹೇಳಿರಿ. ಎರಡು ವಾಕ್ಯಗಳಲ್ಲಿ ಯಾವುದನ್ನೂ ಬಿಡಬೇಡಿರಿ.

ನನ್ನ ಮಿತ್ರರು ಹಾಗೆ ಮಾಡುವುದಾಗಿ ಒಪ್ಪಿ, ಉತ್ತರ ಹೇಳಲೆಂದು ಆ ಹುಡುಗಿಯನ್ನು ವಿಚಾರಿಸಿದರಂತೆ. ಆಕೆ ಪರೀಕ್ಷೆ ಮುಗಿಸಿ ಬೇರೆ ಊರಿಗೆ ಓದಲು ಹೋಗಿದ್ದಾಳೆ. ಈ ಪುಟ ಆಕೆಯ ಕಣ್ಣಿಗೆ ಬಿದ್ದರೆ ಸಂತೋಷ.